ಚೆಂಡಿಗೆ ತಲೆಗೊಟ್ಟ ನಾಯಕ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬಿಗಾಗಿ ಬಿಲ್ಲಿ ಮೆಕ್‌ನೀಲ್ ಆಡಿದ್ದು 790 ಪಂದ್ಯ. ಬದಲಿ ಆಟಗಾರರನ್ನು ಇಳಿಸುವ ನಿಯಮ ಬಂದ ಮೇಲೂ ಅವರನ್ನು ಒಂದೇ ಒಂದು ಪಂದ್ಯದ ನಡುವೆ ಹೊರಗೆ ಕರೆಸಿಕೊಂಡದ್ದಿಲ್ಲ. ಅಂಗಣಕ್ಕೆ ಇಳಿದರೆಂದರೆ ರೆಫರಿ ಕೊನೆಯ ಸೀಟಿ ಊದುವವರೆಗೂ ಅಲ್ಲೇ. ಅವರ ಜಾಗ ರಕ್ಷಣಾ ಸಾಲಿನ ನಟ್ಟನಡುವೆ, ಗೋಲ್‌ಕೀಪರ್‌ನ ಎದುರಿಗೆ. ಸೆಂಟರ್ ಹಾಫ್ ಎಂದು ಅಲ್ಲಿನವರು ಕರೆಯುತ್ತಿದ್ದ ಆ ಜಾಗದ ಸಂಖ್ಯೆ 5. ಹಸಿರು ಬಿಳಿ ಪಟ್ಟೆಯ ಅಂಗಿಯ ಅಂದ ಕೆಡಬಾರದೆಂದು ಸೆಲ್ಟಿಕ್‌ನವರು ಸಂಖ್ಯೆಯನ್ನು ಚಡ್ಡಿಯ ಮೇಲೆ ಹಾಕಿಕೊಳ್ಳುತ್ತಿದ್ದರು.

ಡಿಫೆಂಡರ್‌ನ ವೃತ್ತಿಬದುಕನ್ನು ಬರೆಯುವುದು ಕಷ್ಟದ ಕೆಲಸ. ಗೋಲು ಹೊಡೆದವನ ಲೆಕ್ಕ ಪುಸ್ತಕದಲ್ಲಿ ಸಿಗುತ್ತದೆ. ಆಗಬೇಕಿದ್ದ ಗೋಲನ್ನು ಆಗದಂತೆ ತಡೆದವನ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ. ಹಾಗಿದ್ದೂ ಮೆಕ್‌ನೀಲ್ ಕತೆಯನ್ನು ಹೇಳಲು ಹೊರಟರೆ ಎದ್ದು ಕಾಣುವುದು ಗೋಲುಗಳೇ. ಅವರು ಹೊಡೆದದ್ದು ಸುಮಾರು 35 ಗೋಲು, ಅವುಗಳಲ್ಲಿ ನೆನಪಿನಲ್ಲಿ ಉಳಿದಿರುವವೆಲ್ಲ ತಲೆಯಿಂದ ಹೊಡೆದವು. ಆ ತಲೆಯೇ ಸೆಲ್ಟಿಕ್‌ಗೆ ಕಪ್ಪುಗಳನ್ನು ತಂದಿತು. ಕೊನೆಗಾಲದಲ್ಲಿ ಅದೇ ತಲೆಯೊಳಗಿಂದ ಮಾತು, ನೆನಪು ಒಂದೊಂದಾಗಿ ಹೊರಟುಹೋದವು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡದೆ ಅವರ ಬದುಕನ್ನು ಹೊಗಳಿ ಸುಮ್ಮನಾಗುವುದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಮೆಕ್‌ನೀಲ್ ಹುಟ್ಟಿದ್ದು 1940ರ ಮಾರ್ಚ್ 2ರಂದು, ಗ್ಲಾಸ್ಗೋದ ಆಗ್ನೇಯಕ್ಕಿರುವ ಲ್ಯಾನಾರ್ಕ್‌ಶೈರ್ ಸೀಮೆಯ ಬೆಲ್ಸ್‌ಹಿಲ್ ಎಂಬ ಊರಲ್ಲಿ. ಕಲ್ಲಿದ್ದಲು ಮತ್ತು ಉಕ್ಕಿನ ಸೀಮೆ ಅದು. ಗಣಿ ಕೆಲಸ ಹುಡುಕಿಕೊಂಡು ಐರ್ಲೆಂಡಿನಿಂದ ಬಂದವರು, ದೂರದ ಲಿಥುವೇನಿಯಾದಿಂದ ಬಂದವರು ಅಲ್ಲಿ ನೆಲೆ ನಿಂತಿದ್ದರು. ಮೆಕ್‌ನೀಲ್ ತಾಯಿಯ ಕಡೆಯವರು ಲಿಥುವೇನಿಯಾ ಮೂಲದವರು. ತಂದೆ ಸೈನ್ಯದಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದವರು. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಕಟ್ಟಿ ಬೆಳೆಸಿದ ಮ್ಯಾಟ್ ಬಸ್ಬಿ ಕೂಡ ಇದೇ ಬೆಲ್ಸ್‌ಹಿಲ್ ಮಣ್ಣಿನವರು. ಗಣಿಯ ಗುಂಡಿಗೆ ಇಳಿಯುವುದನ್ನು ತಪ್ಪಿಸಿಕೊಳ್ಳಲು ಆ ಸೀಮೆಯ ಹುಡುಗರಿಗೆ ಇದ್ದ ಕೆಲವೇ ದಾರಿಗಳಲ್ಲಿ ಫುಟ್‌ಬಾಲ್ ಒಂದಾಗಿತ್ತು.

ಜಾಕ್ ಸ್ಟೀನ್ ಅಂಥ ದಾರಿಯಲ್ಲಿ ಬಂದವರು. ಗಣಿಯೊಳಗೆ ದುಡಿದು, ಆಮೇಲೆ ಸೆಲ್ಟಿಕ್‌ನ ಸೆಂಟರ್ ಹಾಫ್ ಆಗಿ, ನಾಯಕನೂ ಆಗಿ, ಕಣಕಾಲಿನ ಗಾಯದಿಂದ ಆಟ ಬಿಟ್ಟು ಕ್ಲಬ್ಬಿನ ಎರಡನೇ ತಂಡದ ಹುಡುಗರನ್ನು ತಿದ್ದುತ್ತಿದ್ದರು. ಶಾಲಾ ಹುಡುಗರ ಸ್ಕಾಟ್ಲೆಂಡ್ ತಂಡದಲ್ಲಿ ಆಡುತ್ತಿದ್ದ ಉದ್ದನೆಯ ಈ ಹುಡುಗನನ್ನು ಕಂಡು, ಇವನನ್ನು ಬಿಡಬೇಡಿ ಎಂದು ಕ್ಲಬ್ಬಿಗೆ ಹೇಳಿದವರು ಅವರೇ. 1957ರಲ್ಲಿ ಮೆಕ್‌ನೀಲ್ ಸಹಿ ಹಾಕಿದರು. 1958ರ ಆಗಸ್ಟ್‌ನಲ್ಲಿ ಕ್ಲೈಡ್ ತಂಡದ ಎದುರು ಮೊದಲ ಪಂದ್ಯ.

ಮುಂದಿನ ಆರೇಳು ವರ್ಷ ಬರಗಾಲ. 1957ರಲ್ಲಿ ಲೀಗ್ ಕಪ್ ಗೆದ್ದ ಸೆಲ್ಟಿಕ್ ಆಮೇಲೆ ಏನನ್ನೂ ಗೆಲ್ಲಲಿಲ್ಲ. ಸ್ಟೀನ್ ಕೂಡ 1960ರಲ್ಲಿ ಡನ್‌ಫರ್ಮ್‌ಲಿನ್ ಎಂಬ ಸಣ್ಣ ಕ್ಲಬ್ಬಿನ ಮ್ಯಾನೇಜರ್ ಆಗಿ ಹೊರಟುಹೋದರು. ಮರುವರ್ಷವೇ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ತಮ್ಮ ಹಳೆಯ ಕ್ಲಬ್ಬನ್ನೇ ಸೋಲಿಸಿದರು. 1961 ಮೆಕ್‌ನೀಲ್ ಪಾಲಿಗೆ ಇನ್ನೂ ಕೆಟ್ಟದ್ದನ್ನು ತಂದಿತು. ಏಪ್ರಿಲ್ 15ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ದೇಶಕ್ಕಾಗಿ ಮೊದಲ ಪಂದ್ಯ ಆಡಿದರು. ಸ್ಕಾಟ್ಲೆಂಡ್ 9-3ರಿಂದ ಸೋತಿತು. ಇಪ್ಪತ್ತೊಂದು ವರ್ಷದ ಹುಡುಗನ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲೇ ಒಂಬತ್ತು ಗೋಲು! ಅಲ್ಲಿಗೇ ಮುಗಿದುಹೋಗಬಹುದಿದ್ದ ಬದುಕು ಅದು. ಮುಗಿಯಲಿಲ್ಲ ಎಂಬುದರಲ್ಲೇ ಈ ಮನುಷ್ಯನ ಗಟ್ಟಿತನ ತಿಳಿಯುತ್ತದೆ.

1965ರ ಮಾರ್ಚ್‌ನಲ್ಲಿ ಸ್ಟೀನ್ ಮ್ಯಾನೇಜರ್ ಆಗಿ ಮರಳಿ ಬಂದರು. ಬಂದ ಒಂದೂವರೆ ತಿಂಗಳಿಗೆ, ಏಪ್ರಿಲ್ 24ರಂದು, ಸ್ಕಾಟಿಷ್ ಕಪ್ ಫೈನಲ್. ಎದುರಾಳಿ ಅದೇ ಡನ್‌ಫರ್ಮ್‌ಲಿನ್. ಗ್ಲಾಸ್ಗೋದ ಹ್ಯಾಂಪ್‌ಡನ್ ಪಾರ್ಕ್‌ನಲ್ಲಿ ಲಕ್ಷಕ್ಕೂ ಮೀರಿದ ಜನ. ಸೆಲ್ಟಿಕ್ ಎರಡು ಸಲ ಹಿಂದೆ ಬಿದ್ದಿತು, ಎರಡು ಸಲವೂ ಬರ್ಟಿ ಆಲ್ಡ್ ಗೋಲು ಹೊಡೆದು ಸಮಬಲ ತಂದರು. ಇನ್ನು ಒಂಬತ್ತು ನಿಮಿಷ ಇರುವಾಗ ಸೆಲ್ಟಿಕ್‌ಗೆ ಒಂದು ಕಾರ್ನರ್ ಸಿಕ್ಕಿತು. ಚಾರ್ಲಿ ಗ್ಯಾಲಗರ್ ಒದ್ದ ಚೆಂಡು ಗೋಲಿನ ಮುಂದಕ್ಕೆ ತೇಲಿ ಬಂತು. ಹಿಂದಿನಿಂದ ಓಡಿ ಬಂದ ಮೆಕ್‌ನೀಲ್ ಎಲ್ಲರಿಗಿಂತ ಮೇಲೆ ಹಾರಿ ಹಣೆಯಿಂದ ಚೆಂಡನ್ನು ಬಲೆಗೆ ಹೊಡೆದರು. 3-2. ಸೆಲ್ಟಿಕ್‌ನ ಹಳಬರನ್ನು ಕೇಳಿದರೆ ಕ್ಲಬ್ಬಿನ ಚರಿತ್ರೆಯನ್ನು ಈ ಗೋಲಿನ ಮೊದಲು, ಈ ಗೋಲಿನ ನಂತರ ಎಂದೇ ಭಾಗ ಮಾಡುತ್ತಾರೆ. ಆ ವರ್ಷ ಸ್ಕಾಟ್ಲೆಂಡಿನ ಫುಟ್‌ಬಾಲ್ ಪತ್ರಕರ್ತರು ವರ್ಷದ ಆಟಗಾರ ಪ್ರಶಸ್ತಿಯನ್ನು ಹೊಸದಾಗಿ ಆರಂಭಿಸಿದಾಗ ಮೊದಲು ಆರಿಸಿದ್ದು ಮೆಕ್‌ನೀಲ್ ಅವರನ್ನು.

ಇಲ್ಲಿ ಸ್ವಲ್ಪ ನಿಂತು ಆ ಕೌಶಲದ ಬಗ್ಗೆ ಹೇಳಬೇಕು. ಫುಟ್‌ಬಾಲ್ ನೋಡಿ ಅಭ್ಯಾಸವಿಲ್ಲದವರಿಗೆ ಹೆಡಿಂಗ್ ಎಂದರೆ ಹಾರಿ ಬಂದ ಚೆಂಡು ತಲೆಗೆ ಬಡಿಯುವುದು. ಬಲ್ಲವರಿಗೆ, ತಲೆ ಹೋಗಿ ಚೆಂಡಿಗೆ ಬಡಿಯುವುದು. ಹೊಡೆಯಬೇಕಾದ್ದು ನೆತ್ತಿಯಿಂದಲ್ಲ, ಕೂದಲು ಶುರುವಾಗುವ ಗೆರೆಯ ಕೆಳಗಿನ ಹಣೆಯ ಅಗಲದಿಂದ. ಕಣ್ಣು ಮುಚ್ಚಬಾರದು. ಕತ್ತಿನ ಸ್ನಾಯು ಬಿಗಿಯಾಗಿರಬೇಕು, ಇಲ್ಲದಿದ್ದರೆ ಏಟಿನ ಜೋರನ್ನೆಲ್ಲ ತಲೆಯೊಂದೇ ತಿನ್ನುತ್ತದೆ. ನಿಂತಲ್ಲೇ ಎರಡು ಕಾಲಲ್ಲಿ ಹಾರಿದವನಿಗಿಂತ ಓಡಿ ಬಂದು ಒಂಟಿ ಕಾಲಲ್ಲಿ ಚಿಮ್ಮಿದವನು ಮೇಲೇರುತ್ತಾನೆ. ಚೆಂಡು ಎಲ್ಲಿ ಇಳಿಯುತ್ತದೆಂದು ಎದುರಾಳಿಗಿಂತ ಅರೆಕ್ಷಣ ಮೊದಲು ಊಹಿಸಿದವನಿಗೆ ಮಾತ್ರ ಆ ಓಟ ದಕ್ಕುತ್ತದೆ. ಡಿಫೆಂಡರ್ ತನ್ನ ಗೋಲಿನ ಮುಂದೆ ಹೆಡ್ ಮಾಡುವಾಗ ಚೆಂಡು ಎತ್ತರಕ್ಕೆ, ದೂರಕ್ಕೆ, ಅಂಚಿನ ಕಡೆಗೆ ಹೋಗಬೇಕು. ಎದುರಾಳಿಯ ಗೋಲಿನ ಮುಂದಾದರೆ ಅದನ್ನೇ ತಿರುಗಿಸಿ ನೆಲದ ಕಡೆಗೆ ಹೊಡೆಯಬೇಕು. ಒಂದೇ ಹಣೆಗೆ ಎರಡು ಬೇರೆ ಬೇರೆ ಕೆಲಸ. ಎರಡರಲ್ಲೂ ಮೆಕ್‌ನೀಲ್ ಅವರನ್ನು ಮೀರಿಸಿದವರು ಅವರ ಕಾಲದ ಬ್ರಿಟನ್ನಿನಲ್ಲಿ ಕಡಿಮೆ.

ಆರಡಿ ಮೀರಿದ ಎತ್ತರ, ನೆಟ್ಟಗಿನ ನಿಲುವು. ಪಕ್ಕದಲ್ಲಿ ಜಾನ್ ಕ್ಲಾರ್ಕ್ ಎಂಬ ಮೌನಿ ಜೊತೆಗಾರ. ಮೆಕ್‌ನೀಲ್ ಮೇಲೆ ಹಾರುವಾಗ ಹಿಂದೆ ತೆರವಾಗುವ ಜಾಗವನ್ನು ಕ್ಲಾರ್ಕ್ ಕಾಯುತ್ತಿದ್ದರು. ತಪ್ಪಿ ಬಂದ ಚೆಂಡನ್ನು ಗುಡಿಸಿ ಹಾಕುತ್ತಿದ್ದ ಕಾರಣ ಅವರಿಗೆ ಪೊರಕೆ ಎಂಬ ಅಡ್ಡಹೆಸರೇ ಇತ್ತು. ಕ್ಲಾರ್ಕ್ ಇರದಿದ್ದರೆ ಮೆಕ್‌ನೀಲ್ ಅಷ್ಟು ಧೈರ್ಯವಾಗಿ ನುಗ್ಗಿ ಹಾರಲು ಆಗುತ್ತಿರಲಿಲ್ಲ. ಇಬ್ಬರೂ ಸೇರಿಯೇ ಒಂದು ರಕ್ಷಣೆ, ಇದನ್ನು ಮೆಕ್‌ನೀಲ್ ಅಭಿಮಾನಿಗಳು ಕೆಲವೊಮ್ಮೆ ಮರೆಯುತ್ತಾರೆ.

ಮೆಕ್‌ನೀಲ್ ಅವರಿಗೂ ಅಡ್ಡಹೆಸರು ಇತ್ತು, ಸೀಸರ್. ರೋಮಿನ ದೊರೆಯಿಂದ ಬಂದದ್ದೆಂದು ಎಲ್ಲರೂ ನಂಬಿದರೂ ಅದರ ಮೂಲ ಸೀಸರ್ ರೊಮೆರೊ ಎಂಬ ಹಾಲಿವುಡ್ ನಟ. ಜೊತೆ ಆಟಗಾರರು ಒಟ್ಟಾಗಿ ನೋಡಿ ಬಂದ ಒಂದು ಸಿನಿಮಾದಿಂದ ಅಂಟಿಕೊಂಡದ್ದು. ಕಪ್ಪುಗಳು ಸೇರುತ್ತ ಹೋದಂತೆ ದೊರೆಯ ಅರ್ಥವೇ ಗಟ್ಟಿಯಾಯಿತು.

ಸೆಲ್ಟಿಕ್ 1966-67ರಲ್ಲಿ ತಾನು ಆಡಿದ ಐದೂ ಸ್ಪರ್ಧೆಗಳನ್ನು ಗೆದ್ದಿತು: ಸ್ಕಾಟಿಷ್ ಲೀಗ್, ಸ್ಕಾಟಿಷ್ ಕಪ್, ಲೀಗ್ ಕಪ್, ಗ್ಲಾಸ್ಗೋ ಕಪ್, ಯುರೋಪಿಯನ್ ಕಪ್. ಈಗಿನ ಚಾಂಪಿಯನ್ಸ್ ಲೀಗ್ ಅಂದಿನ ಯುರೋಪಿಯನ್ ಕಪ್. ಲಿಸ್ಬನ್ನಿನ ಫೈನಲ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನ ಮಟ್ಟಿಗೆ ಆ ವರ್ಷದ ಹಣೆಬರಹ ತೀರ್ಮಾನವಾದದ್ದು ಅದಕ್ಕೂ ಮೊದಲೇ, ಮಾರ್ಚ್ 8ರ ರಾತ್ರಿ. ಕ್ವಾರ್ಟರ್ ಫೈನಲ್‌ನ ಎದುರಾಳಿ ಯುಗೊಸ್ಲಾವಿಯದ ವೊಯ್ವೊದಿನಾ. ನೋವಿಸಾದ್ ನಗರದಲ್ಲಿ ನಡೆದ ಮೊದಲ ಪಂದ್ಯವನ್ನು ಅವರು 1-0ಯಿಂದ ಗೆದ್ದುಕೊಂಡು ಬಂದಿದ್ದರು. ಗ್ಲಾಸ್ಗೋದಲ್ಲಿ ಸ್ಟೀವಿ ಚಾಮರ್ಸ್ ಒಂದು ಗೋಲು ಹೊಡೆದು ಒಟ್ಟು ಲೆಕ್ಕವನ್ನು ಸರಿಸಮ ಮಾಡಿದರು. ಆಟ ಹಾಗೇ ಮುಗಿದಿದ್ದರೆ ಮೂರನೆಯ ಪಂದ್ಯಕ್ಕಾಗಿ ಹಾಲೆಂಡಿನ ರಾಟರ್‌ಡ್ಯಾಮ್‌ಗೆ ಹೋಗಬೇಕಿತ್ತು. ತೊಂಬತ್ತನೇ ನಿಮಿಷದಲ್ಲಿ ಒಂದು ಕಾರ್ನರ್ ಬಂತು. ಒದ್ದವರು ಮತ್ತೆ ಅದೇ ಗ್ಯಾಲಗರ್, ಹಾರಿದವರು ಮತ್ತೆ ಅದೇ ಮೆಕ್‌ನೀಲ್. ಚೆಂಡು ಬಲೆ ಸೇರಿತು. ಮತ್ತೆ ಆಟ ಶುರು ಮಾಡುವಷ್ಟು ಹೊತ್ತೂ ಉಳಿದಿರಲಿಲ್ಲ.

ಸೆಮಿಫೈನಲ್‌ನಲ್ಲಿ ಪ್ರಾಗ್‌ನ ಡುಕ್ಲಾ ತಂಡವನ್ನು ದಾಟಿ, ಮೇ 25ರಂದು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಫೈನಲ್. ಎದುರಿಗೆ ಇಟಲಿಯ ಇಂಟರ್ ಮಿಲಾನ್. 1964 ಮತ್ತು 1965ರಲ್ಲಿ ಕಪ್ ಗೆದ್ದಿದ್ದ ತಂಡ ಅದು. ಅವರ ಕೋಚ್ ಹೆಲೆನಿಯೊ ಹೆರೆರಾ ಅವರದು ಬೀಗ ಜಡಿದಂಥ ರಕ್ಷಣೆ. ಒಂದು ಗೋಲು ಹೊಡೆದು ಉಳಿದ ಹೊತ್ತು ಕೋಟೆಯ ಬಾಗಿಲು ಹಾಕಿಕೊಳ್ಳುವ ಆಟ. ಸೆಲ್ಟಿಕ್ ತಂಡದ ಹನ್ನೊಂದೂ ಜನ ತಮ್ಮ ಮೈದಾನದಿಂದ ಮೂವತ್ತು ಮೈಲಿಯೊಳಗೆ ಹುಟ್ಟಿದವರು. ಕೋಟಿಗಟ್ಟಲೆ ಸುರಿದು ನಾಲ್ಕು ಖಂಡಗಳಿಂದ ಆಟಗಾರರನ್ನು ತರಿಸುವ ಈ ದಿನಗಳಲ್ಲಿ ಹೀಗೂ ಒಂದು ತಂಡ ಯುರೋಪನ್ನು ಗೆದ್ದಿತ್ತು ಎಂದರೆ ಮಕ್ಕಳು ನಂಬುವುದಿಲ್ಲ.

ಏಳನೇ ನಿಮಿಷದಲ್ಲಿ ಪೆನಾಲ್ಟಿ. ಮಝೋಲಾ ಹೊಡೆದರು, ಇಂಟರ್ ಮುಂದೆ. ಆಮೇಲೆ ಕೋಟೆಯ ಬಾಗಿಲು ಮುಚ್ಚಿತು. ಸೆಲ್ಟಿಕ್ ಅಲೆ ಅಲೆಯಾಗಿ ನುಗ್ಗಿತು. ಎರಡು ಸಲ ಚೆಂಡು ಗೋಲುಗಂಬದ ಅಡ್ಡಪಟ್ಟಿಗೆ ಬಡಿದು ಹಿಂದೆ ಬಂತು. ಗೋಲ್‌ಕೀಪರ್ ಸಾರ್ತಿ ಎಲ್ಲ ದಿಕ್ಕಿಗೂ ಹಾರಿ ತಡೆದರು. ಅರವತ್ತಮೂರನೇ ನಿಮಿಷದಲ್ಲಿ ಎಡ ರಕ್ಷಕ ಟಾಮಿ ಗೆಮ್ಮೆಲ್ ದೂರದಿಂದ ಗುಂಡು ಹೊಡೆದ ಹಾಗೆ ಒದ್ದ ಚೆಂಡಿನಿಂದ ಸಮಬಲ. ಕೊನೆಯ ಐದಾರು ನಿಮಿಷವಿರುವಾಗ ಚಾಮರ್ಸ್ ಕಾಲಿನಿಂದ ಎರಡನೆಯದು. ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡ ಸೆಲ್ಟಿಕ್. ಅಲ್ಲಿಯವರೆಗೆ ಸ್ಪೇನ್, ಪೋರ್ಚುಗಲ್, ಇಟಲಿಗಳ ಆಚೆಗೆ ಆ ಕಪ್ ಹೋಗಿರಲೇ ಇಲ್ಲ.

ಪಂದ್ಯ ಮುಗಿದೊಡನೆ ಜನ ಅಂಗಣಕ್ಕೆ ನುಗ್ಗಿದರು. ಆಟಗಾರರು ಸಾಲಾಗಿ ಹೋಗಿ ಪದಕ ಪಡೆಯುವ ಹಾಗಿರಲಿಲ್ಲ. ಜೊತೆಯವರೆಲ್ಲ ಡ್ರೆಸ್ಸಿಂಗ್ ರೂಮಿನಲ್ಲಿ ಉಳಿದರು. ನಾಯಕ ಮೆಕ್‌ನೀಲ್ ಮಾತ್ರ ಜನರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಿ ಅಮೃತಶಿಲೆಯ ಕಟ್ಟೆಯ ಮೇಲೆ ಕಪ್ಪನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು. ಅಂದಿನ ಚಿತ್ರಗಳಲ್ಲಿ ಅವರೊಬ್ಬರೇ ಕಾಣುವುದಕ್ಕೆ ಇದು ಕಾರಣ. ಆ ಹನ್ನೊಂದು ಜನರನ್ನು ಲಿಸ್ಬನ್ ಸಿಂಹಗಳು ಎಂದು ಇಂದಿಗೂ ಕರೆಯುತ್ತಾರೆ.

ಉಳಿದ ಆಟದ ದಿನಗಳನ್ನು ಬೇಗ ಹೇಳಿ ಮುಗಿಸಬಹುದು. 1966ರಿಂದ 1974ರವರೆಗೆ ಸತತ ಒಂಬತ್ತು ಲೀಗ್ ಪ್ರಶಸ್ತಿ. ಒಟ್ಟು ಏಳು ಸ್ಕಾಟಿಷ್ ಕಪ್, ಆರು ಲೀಗ್ ಕಪ್. 1970ರಲ್ಲಿ ಮತ್ತೊಮ್ಮೆ ಯುರೋಪಿಯನ್ ಕಪ್ ಫೈನಲ್ ತಲುಪಿ, ಮಿಲಾನ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಹಾಲೆಂಡಿನ ಫೆಯನೂರ್ಡ್‌ಗೆ ಸೋತರು. ದೇಶಕ್ಕಾಗಿ ಆಡಿದ್ದು ಬರೀ 29 ಪಂದ್ಯ. ಅವರು ಉತ್ತುಂಗದಲ್ಲಿದ್ದ ಕಾಲದಲ್ಲಿ ಸ್ಕಾಟ್ಲೆಂಡ್ ಒಂದು ವಿಶ್ವಕಪ್ಪಿಗೂ ಅರ್ಹತೆ ಪಡೆಯಲಿಲ್ಲ. ಅಂಥ ಆಟಗಾರನಿಗೆ ವಿಶ್ವಕಪ್ ಆಡುವ ಭಾಗ್ಯ ಸಿಗಲಿಲ್ಲವೆಂಬುದು ಬೇಸರದ ಸಂಗತಿ.

ಒಂದು ಗೋಲನ್ನು ಮಾತ್ರ ಬಿಡುವ ಹಾಗಿಲ್ಲ. 1969ರ ಏಪ್ರಿಲ್ 26ರ ಸ್ಕಾಟಿಷ್ ಕಪ್ ಫೈನಲ್, ಎದುರಿಗೆ ಊರಿನ ಬದ್ಧ ವೈರಿ ರೇಂಜರ್ಸ್, ಮೈದಾನದಲ್ಲಿ 1,30,000 ಮೀರಿದ ಜನ. ಕಾರ್ನರ್ ಬಂದಾಗ ಮೆಕ್‌ನೀಲ್ ಅವರನ್ನು ಕಾಯುವ ಕೆಲಸವನ್ನು ರೇಂಜರ್ಸ್ ತನ್ನ ಮುಂಪಡೆಯ ಆಟಗಾರನೊಬ್ಬನಿಗೆ ಒಪ್ಪಿಸಿತ್ತು. ಎರಡನೇ ನಿಮಿಷದಲ್ಲೇ ಮೆಕ್‌ನೀಲ್ ಅವನ ಕೈತಪ್ಪಿ ಹೋಗಿ ತಲೆಯಿಂದ ಗೋಲು ಹೊಡೆದರು. ಸೆಲ್ಟಿಕ್ 4-0ಯಿಂದ ಗೆದ್ದಿತು. ಆ ರೇಂಜರ್ಸ್ ಆಟಗಾರನಿಗೆ ಕ್ಲಬ್ಬಿನ ಮೊದಲ ತಂಡದಲ್ಲಿ ಮತ್ತೆ ಜಾಗ ಸಿಗಲಿಲ್ಲ. ಕೆಲವು ತಿಂಗಳಲ್ಲಿ ಫಾಲ್ಕರ್ಕ್ ಕ್ಲಬ್ಬಿಗೆ ಹೋದ. ಆತನೇ ಅಲೆಕ್ಸ್ ಫರ್ಗುಸನ್, ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಆಗಿ ಜಗತ್ತೇ ಬಲ್ಲ ಹೆಸರಾದವರು. ಇಬ್ಬರ ದಾರಿ ಇನ್ನೊಮ್ಮೆ ಕೂಡಿತು. 1978ರಲ್ಲಿ ಮೆಕ್‌ನೀಲ್ ಅಬರ್ಡೀನ್ ತಂಡದ ಮ್ಯಾನೇಜರ್ ಹುದ್ದೆ ಬಿಟ್ಟು ಸೆಲ್ಟಿಕ್‌ಗೆ ಹೊರಟಾಗ ಆ ಕುರ್ಚಿಗೆ ಬಂದವರು ಫರ್ಗುಸನ್. ಅವರ ಹೆಸರಾಂತ ಪಯಣಕ್ಕೆ ಹೀಗೆ ಜಾಗ ತೆರವು ಮಾಡಿಕೊಟ್ಟವರು ಮೆಕ್‌ನೀಲ್.

1975ರ ಮೇ ತಿಂಗಳಲ್ಲಿ ಏರ್ಡ್ರಿ ತಂಡವನ್ನು ಸೋಲಿಸಿ ಸ್ಕಾಟಿಷ್ ಕಪ್ ಎತ್ತಿದ ದಿನವೇ ಮೆಕ್‌ನೀಲ್ ಆಟಕ್ಕೆ ವಿದಾಯ ಹೇಳಿದರು. ವಯಸ್ಸು 35. ಮ್ಯಾನೇಜರ್ ಆಗಿ ಎರಡು ಅವಧಿಗಳಲ್ಲಿ ಸೆಲ್ಟಿಕ್‌ಗೆ ನಾಲ್ಕು ಲೀಗ್ ಪ್ರಶಸ್ತಿ ಗೆಲ್ಲಿಸಿದರು. ಕ್ಲಬ್ಬಿನ ನೂರನೇ ವರ್ಷವಾದ 1987-88ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ತಂದುಕೊಟ್ಟರು. ನಡುವೆ ಇಂಗ್ಲೆಂಡಿಗೆ ಹೋಗಿ ಮ್ಯಾಂಚೆಸ್ಟರ್ ಸಿಟಿ ತಂಡವನ್ನು ಮೇಲಿನ ದರ್ಜೆಗೆ ಏರಿಸಿದರೂ, 1986-87ರಲ್ಲಿ ಅವರು ಆರಂಭದ ಕೆಲವು ವಾರ ಮಾತ್ರ ನಡೆಸಿದ ಸಿಟಿ, ಆಮೇಲೆ ಸೇರಿದ ಆಸ್ಟನ್ ವಿಲ್ಲಾ, ಎರಡೂ ಕೆಳದರ್ಜೆಗೆ ಇಳಿದವು. ಮ್ಯಾನೇಜರ್ ಆಗಿ ಅವರು ಒಳ್ಳೆಯವರು. ನಾಯಕನಾಗಿ ಮಾತ್ರ ಅವರಿಗೆ ಸಾಟಿಯಿಲ್ಲ.

2015ರ ಡಿಸೆಂಬರ್‌ನಲ್ಲಿ ಸೆಲ್ಟಿಕ್ ಪಾರ್ಕ್‌ನ ಎದುರು ಅವರ ಕಂಚಿನ ಪ್ರತಿಮೆ ನಿಂತಿತು, ಕೈಯಲ್ಲಿ ಎತ್ತಿ ಹಿಡಿದ ಕಪ್. ಅನಾವರಣಕ್ಕೆ ಮೆಕ್‌ನೀಲ್ ಬಂದಿದ್ದರು. ಅವರಿಗೆ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಆಗಲೇ ಹಿಡಿದಿತ್ತು, ಹೊರಗಿನವರಿಗೆ ತಿಳಿದಿರಲಿಲ್ಲ. 2017ರಲ್ಲಿ ಪತ್ನಿ ಲಿಜ್ ಮತ್ತು ಮಕ್ಕಳು ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಮಾತು ಬಹುತೇಕ ನಿಂತುಹೋಗಿತ್ತು. ವರ್ಷಗಟ್ಟಲೆ ಚೆಂಡನ್ನು ತಲೆಯಿಂದ ಹೊಡೆದದ್ದು ಇದಕ್ಕೆ ಕಾರಣವಿರಬಹುದೇ, ಇದನ್ನು ಸರಿಯಾಗಿ ಶೋಧಿಸಬೇಕು ಎಂದು ಕುಟುಂಬ ಕೇಳಿತು. 2019ರ ಏಪ್ರಿಲ್ 22ರಂದು, 79ನೇ ವಯಸ್ಸಿನಲ್ಲಿ, ಮೆಕ್‌ನೀಲ್ ತೀರಿಕೊಂಡರು. ಸರಿಯಾಗಿ ಒಂದು ವಾರಕ್ಕೆ ಲಿಸ್ಬನ್‌ನಲ್ಲಿ ಗೆಲುವಿನ ಗೋಲು ಹೊಡೆದ ಚಾಮರ್ಸ್ ಕೂಡ ಹೋದರು. ಅವರನ್ನೂ ಡಿಮೆನ್ಷಿಯಾ ಕಾಡಿತ್ತು.

ಒಬ್ಬ ಮನುಷ್ಯನ ಕಾಯಿಲೆಗೆ ಇಂಥದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ಫುಟ್‌ಬಾಲ್ ಮುಟ್ಟದವರಿಗೂ ಮುಪ್ಪಿನಲ್ಲಿ ಮರೆವು ಬರುತ್ತದೆ. ಆದರೆ ಸಾವಿರಾರು ಜನರ ದಾಖಲೆಯನ್ನು ಒಟ್ಟಿಗೆ ಇಟ್ಟಾಗ ಬೇರೆಯೇ ಚಿತ್ರ ಕಾಣುತ್ತದೆ. ಮೆಕ್‌ನೀಲ್ ಹೋದ ಆರು ತಿಂಗಳಿಗೆ, 2019ರ ಅಕ್ಟೋಬರ್‌ನಲ್ಲಿ, ಅವರದೇ ಊರಿನ ಗ್ಲಾಸ್ಗೋ ವಿಶ್ವವಿದ್ಯಾಲಯದಿಂದ ಆ ಚಿತ್ರ ಹೊರಬಂತು. ಮೆದುಳಿನ ರೋಗಗಳ ತಜ್ಞ ಡಾ. ವಿಲ್ಲಿ ಸ್ಟೀವರ್ಟ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ಆರೋಗ್ಯ ದಾಖಲೆಗಳನ್ನು, ಅದೇ ವಯಸ್ಸಿನ, ಅದೇ ಬಗೆಯ ಬಡಾವಣೆಗಳ ಸುಮಾರು 23,000 ಸಾಮಾನ್ಯ ಗಂಡಸರ ದಾಖಲೆಗಳ ಜೊತೆ ಹೋಲಿಸಿದರು. ಹೃದಯದ ಕಾಯಿಲೆಯಿಂದ, ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಆಟಗಾರರಲ್ಲಿ ಕಡಿಮೆ. ಎಪ್ಪತ್ತರ ತನಕ ಅವರೇ ಹೆಚ್ಚು ಗಟ್ಟಿ. ಮೆದುಳು ಸವೆಯುವ ರೋಗಗಳಿಂದ ಸತ್ತವರ ಪ್ರಮಾಣ ಮಾತ್ರ ಆಟಗಾರರಲ್ಲಿ ಮೂರೂವರೆ ಪಟ್ಟು. ಅಲ್ಜೈಮರ್ ಒಂದನ್ನೇ ತೆಗೆದುಕೊಂಡರೆ ಐದು ಪಟ್ಟು.

ಎರಡು ವರ್ಷದ ನಂತರ, 2021ರಲ್ಲಿ, ಅದೇ ತಂಡ ಆಟಗಾರರನ್ನು ಅವರವರು ಆಡುತ್ತಿದ್ದ ಜಾಗಕ್ಕೆ ತಕ್ಕಂತೆ ವಿಂಗಡಿಸಿತು. ಚೆಂಡನ್ನು ಕೈಯಲ್ಲಿ ಹಿಡಿಯುವ ಗೋಲ್‌ಕೀಪರ್‌ಗಳಿಗೆ ಅಪಾಯ ಹೆಚ್ಚು ಎಂದು ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಮುಂಪಡೆಯವರಿಗೆ ಸುಮಾರು ಮೂರು ಪಟ್ಟು. ಡಿಫೆಂಡರ್‌ಗಳಿಗೆ ಎಲ್ಲರಿಗಿಂತ ಹೆಚ್ಚು, ಸುಮಾರು ಐದು ಪಟ್ಟು. ಹದಿನೈದು ವರ್ಷ ಮೀರಿ ಆಡಿದವರಲ್ಲೂ ಅಷ್ಟೇ. ಮೆಕ್‌ನೀಲ್ ಡಿಫೆಂಡರ್, ಆಡಿದ್ದು ಹದಿನೇಳು ವರ್ಷ. ಯಾರು ಎಷ್ಟು ಸಲ ಹೆಡ್ ಮಾಡಿದರು ಎಂಬ ಲೆಕ್ಕ ಆ ದಾಖಲೆಗಳಲ್ಲಿ ಇರಲಿಲ್ಲ ಎಂಬುದು ನಿಜ. ಆದರೆ ಫುಟ್‌ಬಾಲ್ ತಿಳಿದವರಿಗೆ ಆ ಸಾಲಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಳೆಯ ಕಾಲದ ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು, ಈಗಿನದು ಹಗುರ, ಆದ್ದರಿಂದ ಈಗ ಭಯವಿಲ್ಲ ಎಂಬ ಸಮಾಧಾನ ಅನೇಕರಿಗಿದೆ. ಅದನ್ನು ಒಪ್ಪುವುದು ಕಷ್ಟ. ಒಣಗಿದ್ದಾಗ ಅಂದಿನ ಚೆಂಡೂ ಇಂದಿನ ಚೆಂಡೂ ಒಂದೇ ತೂಕ, 410ರಿಂದ 450 ಗ್ರಾಂ. ನೀರು ಹೀರದ ಈಗಿನ ಚೆಂಡು ಒದ್ದೆಯಾದ ಹಳೆಯ ಚೆಂಡಿಗಿಂತ ವೇಗವಾಗಿ ಬರುತ್ತದೆ, ವೇಗ ಹೆಚ್ಚಿದಷ್ಟೂ ಏಟು ಜೋರು. ಗ್ಲಾಸ್ಗೋ ಅಧ್ಯಯನದಲ್ಲೂ 1910ರ ಸುಮಾರಿಗೆ ಹುಟ್ಟಿದವರಿಗೆ ಇದ್ದ ಅಪಾಯ 1960ರ ದಶಕದಲ್ಲಿ ಹುಟ್ಟಿದವರಲ್ಲಿ ಕಡಿಮೆಯಾದ ಸುಳಿವು ಸಿಗಲಿಲ್ಲ. ತಲೆಬುರುಡೆಯೊಳಗೆ ಮೆದುಳು ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಥಟ್ಟನೆ ಅಲುಗಿದಾಗ, ಅದರಲ್ಲೂ ತಿರುಚಿದಂತೆ ಅಲುಗಿದಾಗ, ನರಗಳ ಎಳೆಗಳು ಜಗ್ಗುತ್ತವೆ. ಒಂದು ಸಲ ಜಗ್ಗಿದರೆ ಏನೂ ಗೊತ್ತಾಗುವುದಿಲ್ಲ. ತಲೆ ಸುತ್ತುವುದಿಲ್ಲ, ಪ್ರಜ್ಞೆ ತಪ್ಪುವುದಿಲ್ಲ. ದಶಕಗಳ ಕಾಲ ಸಾವಿರಾರು ಸಲ ಜಗ್ಗಿದ ಮೇಲೆ ಕೆಲವರ ಮೆದುಳಿನಲ್ಲಿ ಟೌ ಎಂಬ ಪ್ರೋಟೀನು ಗಂಟುಗಟ್ಟುತ್ತದೆ. ಇಂಗ್ಲೆಂಡಿನ ಮುಂಪಡೆ ಆಟಗಾರ ಜೆಫ್ ಆಸ್ಲ್ 2002ರಲ್ಲಿ 59ನೇ ವಯಸ್ಸಿಗೇ ಸತ್ತಾಗ, ಸಾವಿನ ಕಾರಣ ವಿಚಾರಿಸಿದ ಅಧಿಕಾರಿ ಅದನ್ನು ವೃತ್ತಿಯಿಂದ ಬಂದ ರೋಗ ಎಂದೇ ಬರೆದರು. ಅವರ ಮೆದುಳನ್ನು 2014ರಲ್ಲಿ ಮತ್ತೆ ಪರೀಕ್ಷಿಸಿ, ಬಾಕ್ಸಿಂಗ್ ಪಟುಗಳಲ್ಲಿ ಕಾಣುವಂಥ ಹಾನಿಯನ್ನು ಕಂಡವರೂ ಡಾ. ಸ್ಟೀವರ್ಟ್.

ಈ ಅಧ್ಯಯನಗಳ ಮೇಲೆ ಸ್ಕಾಟ್ಲೆಂಡ್ ಸುಮ್ಮನೆ ಕೂರಲಿಲ್ಲ, ಅದಕ್ಕಾಗಿ ಅದನ್ನು ಮೆಚ್ಚಬೇಕು. 2020ರಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡಿಂಗ್ ಕಲಿಸುವುದನ್ನು ನಿಲ್ಲಿಸಿತು. 2022ರಲ್ಲಿ ವೃತ್ತಿಪರ ಕ್ಲಬ್ಬುಗಳಿಗೂ ಸೂಚನೆ ಹೋಯಿತು: ಪಂದ್ಯದ ಹಿಂದಿನ ದಿನ ಮತ್ತು ಮರುದಿನ ಹೆಡಿಂಗ್ ಅಭ್ಯಾಸ ಬೇಡ, ವಾರಕ್ಕೆ ಒಂದೇ ಅಭ್ಯಾಸ ಸಾಕು. ಇನ್ನೊಂದು ಬದಲಾವಣೆಯ ಹಿಂದೆಯೂ ಒಬ್ಬ ಡಿಫೆಂಡರ್ ಇದ್ದಾರೆ. ಡಂಡೀ ಯುನೈಟೆಡ್ ತಂಡದ ಎಡ ರಕ್ಷಕ ಫ್ರಾಂಕ್ ಕೋಪಲ್ ಅವರಿಗೆ ಅರವತ್ತು ತುಂಬುವ ಮೊದಲೇ ಡಿಮೆನ್ಷಿಯಾ ಬಂತು. ಮನೆಯಲ್ಲಿ ಆರೈಕೆ ಮಾಡುವ ಉಚಿತ ಸೇವೆ 65 ದಾಟಿದವರಿಗೆ ಮಾತ್ರ ಎಂಬ ನಿಯಮವಿದ್ದ ಕಾಲ. ಪತ್ನಿ ಅಮಾಂಡಾ ಕೋಪಲ್ ಅದರ ವಿರುದ್ಧ ಹೋರಾಡಿದರು. ಫ್ರಾಂಕ್ 2014ರಲ್ಲಿ 65ನೇ ವಯಸ್ಸಿನಲ್ಲಿ ಹೋದರು. ಹೋರಾಟ ಗೆದ್ದು ವಯಸ್ಸಿನ ಗೋಡೆ ಬಿದ್ದದ್ದು 2019ರ ಏಪ್ರಿಲ್‌ನಲ್ಲಿ. ಅದು ಫ್ರಾಂಕ್ ಅವರ ಹೆಸರಿನ ಕಾನೂನು ಎಂದೇ ಸ್ಕಾಟ್ಲೆಂಡಿನಲ್ಲಿ ಪರಿಚಿತ.

ಮೆಕ್‌ನೀಲ್ ತೀರಿಕೊಂಡ ಐದನೇ ದಿನ ಸೆಲ್ಟಿಕ್ ತನ್ನ ಅಂಗಣದಲ್ಲಿ ಕಿಲ್ಮಾರ್ನಾಕ್ ವಿರುದ್ಧ ಆಡಿತು. ಪಂದ್ಯದ ಒಂದೇ ಗೋಲು ಅರವತ್ತೇಳನೇ ನಿಮಿಷದಲ್ಲಿ ಬಂತು. ಹೊಡೆದವರು ಬೋಸ್ನಿಯಾದ ಡಿಫೆಂಡರ್ ಯೊಜೊ ಶಿಮುನೊವಿಚ್, ಅವರ ಸಂಖ್ಯೆ 5, ಹೊಡೆದದ್ದು ತಲೆಯಿಂದ. 1967ರ ನಾಯಕನಿಗೆ ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಇರಲಾರದು ಎಂದು ಗ್ಲಾಸ್ಗೋ ಕಣ್ಣೀರು ಹಾಕಿತು. ಆ ಭಾವನೆ ನನಗೂ ಅರ್ಥವಾಗುತ್ತದೆ. ಹೆಡರ್ ಗೋಲಿನ ಸೊಗಸನ್ನು ಮೆಚ್ಚುವ ನಾವೇ ಅದರ ಬೆಲೆಯನ್ನು ತೆರುವವರು ಯಾರು ಎಂದೂ ಕೇಳಬೇಕು.

ಮೆಕ್‌ನೀಲ್ ಬೆಳೆದ ಲ್ಯಾನಾರ್ಕ್‌ಶೈರ್‌ನಲ್ಲಿ ಕಲ್ಲಿದ್ದಲ ಧೂಳು ಉಸಿರಾಡಿ ಶ್ವಾಸಕೋಶ ಕಳೆದುಕೊಂಡ ಕಾರ್ಮಿಕರಿಗೆ ಬ್ರಿಟನ್ನಿನ ಕಾನೂನು, ಇದು ಕೆಲಸದಿಂದ ಬಂದ ರೋಗ ಎಂದು ಒಪ್ಪಿ ಪರಿಹಾರ ಕೊಟ್ಟಿತು. ಅದೇ ಸೀಮೆಯ ಹುಡುಗರು ಗಣಿಯ ಬದಲು ಮೈದಾನಕ್ಕೆ ಇಳಿದರು, ಅವರ ಕೆಲಸಕ್ಕೆ ಬೇಕಾದದ್ದು ತಲೆ. ಅವರ ಡಿಮೆನ್ಷಿಯಾವನ್ನೂ ವೃತ್ತಿರೋಗ ಎಂದು ಮಾನ್ಯ ಮಾಡಬೇಕೆಂದು ಸ್ಕಾಟ್ಲೆಂಡಿನ ಮಾಜಿ ಆಟಗಾರರು, ಅವರ ಹೆಂಡತಿ ಮಕ್ಕಳು ಕೇಳುತ್ತಿದ್ದಾರೆ. ಅದು ನ್ಯಾಯವಾದ ಕೇಳಿಕೆ. ಟಿವಿ ಹಕ್ಕುಗಳಿಂದ ಸಾವಿರಾರು ಕೋಟಿ ಎಣಿಸುವ ಈ ಆಟಕ್ಕೆ ಆ ಮುದುಕರ ಆರೈಕೆಯ ಖರ್ಚು ಭಾರವಲ್ಲ. ಕಂಚಿನ ಪ್ರತಿಮೆ ನಿಲ್ಲಿಸಿದ್ದು ಒಳ್ಳೆಯದು, ಆದರೆ ಲೆಕ್ಕ ಅಲ್ಲಿಗೆ ಚುಕ್ತಾ ಆಗುವುದಿಲ್ಲ.

ಓದುಗರಲ್ಲಿ ಮಕ್ಕಳನ್ನು ಫುಟ್‌ಬಾಲ್ ತರಬೇತಿಗೆ ಕಳಿಸುವವರು ಇದ್ದೀರಿ. ಖಂಡಿತ ಕಳಿಸಿ; ಆ ಆಟ ಮಕ್ಕಳ ಹೃದಯಕ್ಕೆ, ಕಾಲಿಗೆ, ಮನಸ್ಸಿಗೆ ಒಳ್ಳೆಯದು. ಮಗುವಿಗೆ ಹನ್ನೆರಡು ತುಂಬುವವರೆಗೆ ಹೆಡಿಂಗ್ ಅಭ್ಯಾಸ ಮಾಡಿಸಬೇಡಿ ಎಂದು ಮಾತ್ರ ಕೋಚ್‌ಗೆ ಸ್ಪಷ್ಟವಾಗಿ ಹೇಳಿ.